ಸುಟ್ಟ ಚರ್ಮ, ಬೆಳೆಸಿದ ಚರ್ಮ, ಕೊಟ್ಟ ಚರ್ಮ



ನವೆಂಬರ್ ತಿಂಗಳು ಬಂತು. ಕಲ್ಲರೆ ಹಬ್ಬಕ್ಕೆ ನಾವೆಲ್ಲ ನಮ್ಮ ಹಿರಿಯರ ಸಮಾಧಿಗಳ ಮೇಲಿನ ಹುಲ್ಲು ಕಿತ್ತು, ಸುಣ್ಣ ಹೊಡೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಬಂದಿದ್ದೇವೆ. ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸುವ ಈ ತಿಂಗಳಲ್ಲಿ ಅವರ ದೇಹದ ವಿಷಯವನ್ನೂ, ನಮ್ಮ ದೇಹದ ವಿಷಯವನ್ನೂ ಸ್ವಲ್ಪ ಯೋಚಿಸೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಹೋದ ತಿಂಗಳ ನಮ್ಮ ಯುವಜನರ ಕೂಟದಲ್ಲಿ ಎದ್ದ ಒಂದು ಪ್ರಶ್ನೆಗೆ ನಾನು ಅವಸರದಲ್ಲಿ ಉತ್ತರ ಕೊಟ್ಟೆ. ಅದು ಸರಿಯಾದ ಉತ್ತರವಾಗಿರಲಿಲ್ಲ ಎಂದು ಆಮೇಲೆ ಅನ್ನಿಸಿತು.

ಅಂದು ಪೂಜೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿ ಕುಳಿತಿದ್ದೆವು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಕಾಲೇಜಿನವರು ನಮ್ಮನ್ನು ಬೆಂಗಳೂರಿನ ಒಂದು ಪ್ರಯೋಗಾಲಯ ನೋಡಲು ಕರೆದುಕೊಂಡು ಹೋಗಿದ್ದರು. ಅದನ್ನೇ ಹೇಳುತ್ತಿದ್ದೆ. ಗಾಜಿನ ಬಾಗಿಲಿನ ಪೆಟ್ಟಿಗೆ, ಅದರೊಳಗೆ ಸದಾ 37 ಡಿಗ್ರಿ, ಅಂದರೆ ನಮ್ಮ ಮೈಯ ಬಿಸಿ. ಚಪ್ಪಟೆ ಬಾಟಲಿಗಳಲ್ಲಿ ನಸುಗೆಂಪು ನೀರು. ಆ ನೀರಿನ ತಳದಲ್ಲಿ ಮನುಷ್ಯನ ಚರ್ಮದ ಜೀವಕೋಶಗಳು ಅಂಟಿಕೊಂಡು ಬೆಳೆಯುತ್ತಿದ್ದವು. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಲ್ಲುಹಾಸಿನಂತೆ ಒಂದರ ಪಕ್ಕ ಒಂದು ಕೂತಿದ್ದವು. ನೀರು ಹಳದಿಗೆ ತಿರುಗಿದರೆ ಅವಕ್ಕೆ ಹೊಸ ಆಹಾರ ಹಾಕಬೇಕಂತೆ.

ಪ್ಲಸ್ ಟು ಓದುವ ತಮ್ಮನೊಬ್ಬ ಕೇಳಿದ: “ಅಕ್ಕಾ, ಮನುಷ್ಯನ ಚರ್ಮವನ್ನ ಬಾಟಲಿಯಲ್ಲಿ ಬೆಳೆಸೋದು ದೇವರ ಕೆಲಸಕ್ಕೆ ಕೈ ಹಾಕಿದ ಹಾಗಲ್ವಾ?” ನಾನು ತಕ್ಷಣ, “ಇಲ್ಲಪ್ಪ, ವಿಜ್ಞಾನವೂ ದೇವರ ಕೊಡುಗೆಯೇ” ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದೆ. ಅಷ್ಟರಲ್ಲಿ ಪೀಠದ ಹೂದಾನಿ ತೊಳೆದು ಬಾಗಿಲಲ್ಲಿ ನಿಂತಿದ್ದ ನಮ್ಮ ದೊಡ್ಡಮ್ಮ ಕೇಳಿದರು: “ಮಗಾ, ಅದು ನಮ್ಮಂಥೋರಿಗೆ ಸಿಗ್ತದಾ?” ಈ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರಲಿಲ್ಲ.

ದೊಡ್ಡಮ್ಮ ಯಾಕೆ ಕೇಳಿದರು ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಸುಮಾರು ಹದಿನೈದು ವರ್ಷದ ಹಿಂದೆ ಸೌದೆ ಒಲೆಯ ಮುಂದೆ ಮುದ್ದೆಗೆ ಎಸರು ಇಟ್ಟು ಕೂತಿದ್ದಾಗ ಅವರ ಸೀರೆಯ ಸೆರಗಿಗೆ ಬೆಂಕಿ ಹತ್ತಿತು. ಕುತ್ತಿಗೆ, ಬಲಗೈ, ಎದೆಯ ಒಂದು ಭಾಗ ಸುಟ್ಟುಹೋಯಿತು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಜೀವ ಉಳಿಯಿತು. ಆದರೆ ಮೊಳಕೈ ಪೂರ್ತಿ ನೀಳವಾಗುವುದಿಲ್ಲ. ಕತ್ತು ಎಡಕ್ಕೆ ತಿರುಗುವುದಿಲ್ಲ. ಪರಮ ಪ್ರಸಾದವನ್ನು ಅವರು ಸ್ವೀಕರಿಸುವುದು ಎಡಗೈ ಚಾಚಿ, ಸ್ವಲ್ಪ ಓರೆಯಾಗಿ ನಿಂತು. ಚಿತ್ರೆ ವೈಶಾಖದ ಬಿಸಿಲಲ್ಲಿ ಆ ಕೈ ಒಳಗೊಳಗೇ ಉರಿಯುತ್ತದೆ ಎನ್ನುತ್ತಾರೆ, ಏಕೆಂದರೆ ಕಸಿ ಮಾಡಿದ ಚರ್ಮಕ್ಕೆ ಸರಿಯಾಗಿ ಬೆವರಲು ಬರುವುದಿಲ್ಲ.

ಈ ಎರಡು ಪ್ರಶ್ನೆಗಳನ್ನು, ತಮ್ಮನದ್ದನ್ನೂ ದೊಡ್ಡಮ್ಮನದ್ದನ್ನೂ, ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕು ಎಂದು ನನಗೀಗ ಅನ್ನಿಸುತ್ತದೆ. ಮೊದಲು ಈ ಕೆಲಸ ಏನು ಎಂದು ತಿಳಿದುಕೊಳ್ಳೋಣ.

ಬಳ್ಳಿ ಮತ್ತು ಚಪ್ಪರ

ನಮ್ಮ ಚರ್ಮಕ್ಕೆ ಮುಖ್ಯವಾಗಿ ಎರಡು ಪದರ. ಮೇಲಿನದು ತೆಳು. ಅದು ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ತಾನೇ ಹೊಸದಾಗುತ್ತದೆ. ಕೆಳಗಿನದು ದಪ್ಪ. ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲ ಬುಡ ಎಲ್ಲ ಅಲ್ಲಿವೆ. ಅದು ಪೂರ್ತಿ ಸುಟ್ಟುಹೋದರೆ ಮೊದಲಿನಂತೆ ಬೆಳೆಯುವುದಿಲ್ಲ. ಆ ಜಾಗದಲ್ಲಿ ಗಾಯದ ಕಲೆ ಬೆಳೆದು, ಒಣಗಿದ ಚರ್ಮದ ಹಾಗೆ ಸುತ್ತಲಿನದನ್ನು ಎಳೆದುಕೊಳ್ಳುತ್ತದೆ. ದೊಡ್ಡಮ್ಮನ ಕತ್ತು ತಿರುಗದಿರುವುದು ಇದರಿಂದಲೇ. ಸ್ವಲ್ಪ ಸುಟ್ಟಿದ್ದರೆ ತೊಡೆಯಿಂದಲೋ ಬೆನ್ನಿನಿಂದಲೋ ತೆಳುವಾಗಿ ಚರ್ಮ ತೆಗೆದು ಕಸಿ ಮಾಡಬಹುದು. ಮೈಯ ಅರ್ಧಕ್ಕಿಂತ ಹೆಚ್ಚು ಸುಟ್ಟರೆ ತೆಗೆಯಲು ಚರ್ಮ ಎಲ್ಲಿಂದ ಬರಬೇಕು?

ಈ ಕಷ್ಟದಿಂದಲೇ ವಿಜ್ಞಾನಿಗಳು ಎರಡು ದಾರಿ ಹಿಡಿದರು. 1975ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ ಎಂಬುವರು ಮನುಷ್ಯನ ಮೇಲ್ಪದರದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನ ಕಂಡುಕೊಂಡರು. ಅಂಚೆ ಚೀಟಿಯಷ್ಟು ಚರ್ಮ ಸಿಕ್ಕರೆ ಸಾಕು, ಕೆಲವು ವಾರಗಳಲ್ಲಿ ಇಡೀ ಮೈಗೆ ಹೊದಿಸುವಷ್ಟು ಹಾಳೆಗಳನ್ನು ಬೆಳೆಸಬಹುದು. 1983ರಲ್ಲಿ ಮೈಯ ಶೇಕಡ 90ಕ್ಕೂ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಹೀಗೆ ಅವರದೇ ಕೋಶಗಳಿಂದ ಬೆಳೆದ ಚರ್ಮದಿಂದ ಬದುಕಿದರು.

ಇನ್ನೊಂದು ದಾರಿ ಕೆಳಗಿನ ಪದರದ್ದು. 1981ರಲ್ಲಿ ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಜಾನ್ ಬರ್ಕ್ ಮತ್ತು ಎಂಜಿನಿಯರ್ ಅಯೋನಿಸ್ ಯಾನಸ್ ಒಂದು ಹೊಸ ಹೊದಿಕೆಯ ವಿವರ ಪ್ರಕಟಿಸಿದರು. ದನದ ಕೊಲಾಜನ್ ಎಂಬ ನಾರು ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯ ಒಂದು ಪದಾರ್ಥ ಸೇರಿಸಿ ಮಾಡಿದ, ರಂಧ್ರ ರಂಧ್ರವಾದ ಹಾಳೆ ಅದು. ಹಿತ್ತಲಲ್ಲಿ ಹೀರೆ ಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಇದೂ ಹಾಗೆಯೇ. ಗಾಯದ ಮೇಲೆ ಈ ಚಪ್ಪರ ಇಟ್ಟರೆ ರೋಗಿಯ ಸ್ವಂತ ಕೋಶಗಳು, ರಕ್ತನಾಳಗಳು ಅದರೊಳಗೆ ಹಬ್ಬುತ್ತವೆ. ಒಂದೇ ವ್ಯತ್ಯಾಸ, ಬಳ್ಳಿ ಹಬ್ಬಿದಂತೆ ಈ ಚಪ್ಪರ ತಾನಾಗಿ ಕರಗಿ ಹೋಗುತ್ತದೆ. ಇಂಥ ಪದಾರ್ಥಗಳಿಗೆ ಬಯೋಮೆಟೀರಿಯಲ್ ಎಂದೂ, ಕೋಶ ಮತ್ತು ಚಪ್ಪರ ಸೇರಿಸಿ ಅಂಗಾಂಶ ಬೆಳೆಸುವ ವಿದ್ಯೆಗೆ ಟಿಶ್ಯೂ ಎಂಜಿನಿಯರಿಂಗ್ ಎಂದೂ ಹೆಸರು.

ಇದು ದೂರದ ಅಮೆರಿಕದ ಕಥೆ ಮಾತ್ರ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಊರವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗದಲ್ಲಿ, ಮೂಳೆಗೆ, ಚರ್ಮಕ್ಕೆ ಇಂಥ ಚಪ್ಪರ ಮಾಡುವ ಸಂಶೋಧನೆ ನಡೆಯುತ್ತಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಚಪ್ಪಲಿ, ಬೆಲ್ಟಿನ ಚರ್ಮಕ್ಕೆ ಹೆಸರಾದದ್ದು. ಅಲ್ಲಿಯೇ ದನದ ತೊಗಲಿನ ಕೊಲಾಜನ್ನಿಂದ ಸುಟ್ಟ ಗಾಯಕ್ಕೆ ಹಾಕುವ ಹಾಳೆಯ ಕೆಲಸವೂ ನಡೆದಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಹಂದಿಯ ಪಿತ್ತಕೋಶದಿಂದ ಗಾಯ ಮಾಗಿಸುವ ಪದಾರ್ಥ ತಯಾರಿಸಿದ್ದಾರೆ. ನಾವು ಬೇಡವೆಂದು ಬಿಸಾಡುವುದರಿಂದಲೇ ಗಾಯಕ್ಕೆ ಹೊದಿಕೆ!

ಇದಕ್ಕೆ ಮಿತಿಯೂ ಇದೆ ಎನ್ನುವುದನ್ನು ಮರೆಯಬಾರದು. ಚಿಕಿತ್ಸೆಗೆ ಬಳಸುವ ಬೆಳೆಸಿದ ಚರ್ಮಕ್ಕೆ ಇಂದಿಗೂ ಬೆವರಿನ ಗ್ರಂಥಿ ಇಲ್ಲ, ಕೂದಲು ಇಲ್ಲ. ದೇವರು ಕೊಟ್ಟ ಚರ್ಮಕ್ಕೆ ಸಮನಾದದ್ದನ್ನು ಯಾರೂ ಇನ್ನೂ ಮಾಡಿಲ್ಲ.

ದೇವರ ಕೆಲಸವೇ?

ಈಗ ತಮ್ಮನ ಪ್ರಶ್ನೆ. ಪ್ರವಾದಿ ಯೆಜೆಕಿಯೇಲರಿಗೆ ಆದ ದರ್ಶನವನ್ನು ನೆನಪಿಸಿಕೊಳ್ಳಿ. ಕಣಿವೆಯ ತುಂಬ ಒಣಗಿದ ಎಲುಬುಗಳು. ದೇವರ ಮಾತಿನಂತೆ ಎಲುಬಿಗೆ ಎಲುಬು ಸೇರುತ್ತದೆ, ನರ ಬರುತ್ತದೆ, ಮಾಂಸ ತುಂಬುತ್ತದೆ, ಕೊನೆಗೆ ಚರ್ಮ ಮುಚ್ಚುತ್ತದೆ. ಆದರೂ ಅವು ಬದುಕುವುದಿಲ್ಲ. ದೇವರ ಉಸಿರು ಬಂದ ಮೇಲೆಯೇ ಎದ್ದು ನಿಲ್ಲುತ್ತವೆ. ಪ್ರಯೋಗಾಲಯದಲ್ಲಿ ಆ ಪೆಟ್ಟಿಗೆಯ ಮುಂದೆ ನಿಂತಿದ್ದಾಗ ನನಗೆ ಈ ಅಧ್ಯಾಯ ನೆನಪಾಯಿತು. ವಿಜ್ಞಾನಿ ಜೀವಕೋಶವನ್ನು ಉಂಟುಮಾಡುವುದಿಲ್ಲ. ಇರುವ ಕೋಶಕ್ಕೆ ಬಿಸಿ, ಆಹಾರ, ಜಾಗ ಕೊಡುತ್ತಾರೆ. ಒಂದು ಎರಡಾಗುವುದು, ಎರಡು ನಾಲ್ಕಾಗುವುದು ಅವರ ಕೈಯಲ್ಲಿಲ್ಲ. ರಾಗಿ ಬಿತ್ತಿದವನು ಮೊಳಕೆಯನ್ನು ಮಾಡಿದ್ದೇನೆ ಎಂದು ಹೇಳಲಾರ. ಹೊಲ ಹದ ಮಾಡಿದ್ದೇನೆ ಎನ್ನಬಹುದು ಅಷ್ಟೆ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ಸಾಗುವಳಿ ಮಾಡಲು ಮತ್ತು ಕಾಯಲು.

ಹಾಗಾದರೆ ನನ್ನ ಮೊದಲ ಉತ್ತರ ಸರಿಯಾಗಿಯೇ ಇತ್ತಲ್ಲ ಎನ್ನಬಹುದು. ಅರ್ಧ ಸರಿ. ದೇವರು ಹೇಳಿದ್ದು ಎರಡು ಕೆಲಸ: ಸಾಗುವಳಿ ಮಾಡುವುದು ಒಂದು, ಕಾಯುವುದು ಇನ್ನೊಂದು. ಎಲ್ಲ ಸಾಗುವಳಿಯೂ ಕಾಯುವುದಾಗುವುದಿಲ್ಲ. ಕಾಡು ಕಡಿದೂ ಹೊಲ ಮಾಡಬಹುದು, ಪಕ್ಕದವನ ಬದು ಒತ್ತಿಯೂ ಹೊಲ ಮಾಡಬಹುದು. ಆದ್ದರಿಂದ “ಇದು ದೇವರ ಕೆಲಸಕ್ಕೆ ಕೈ ಹಾಕಿದ ಹಾಗಲ್ಲವೇ” ಎಂಬ ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕು. ಈ ಕೋಶ ಎಲ್ಲಿಂದ ಬಂತು? ಯಾರನ್ನು ಕೇಳಿ ತೆಗೆದರು? ಯಾರ ಮೇಲೆ ಪರೀಕ್ಷೆ ಮಾಡಿದರು? ಯಾರಿಗೆ ತಲುಪುತ್ತದೆ?

ಎಲ್ಲಿಂದ ಬಂತು, ಕೇಳಿ ತೆಗೆದರೇ?

ಧರ್ಮಸಭೆ ಇಲ್ಲಿ ಸ್ಪಷ್ಟವಾಗಿ ಮಾತಾಡಿದೆ. ರೋಗಿಯದೇ ಕೋಶ, ದೊಡ್ಡವರ ದೇಹದಿಂದ ತೊಂದರೆಯಾಗದಂತೆ ತೆಗೆದ ಕೋಶ, ಹೆರಿಗೆಯ ನಂತರ ಹೊಕ್ಕುಳಬಳ್ಳಿಯ ರಕ್ತದಿಂದ ಬಂದ ಕೋಶ, ಇವುಗಳನ್ನು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಮನುಷ್ಯ ಭ್ರೂಣವನ್ನು ನಾಶ ಮಾಡಿ ಅದರಿಂದ ಕೋಶ ತೆಗೆಯುವುದು ತಪ್ಪು, ಅದರಿಂದ ಎಷ್ಟು ಜನಕ್ಕೆ ಒಳ್ಳೆಯದಾದರೂ ತಪ್ಪು. 2008ರಲ್ಲಿ ವ್ಯಾಟಿಕನ್ ಹೊರಡಿಸಿದ ‘ದಿಗ್ನಿತಾಸ್ ಪೆರ್ಸೊನೆ’ ಎಂಬ ಬೋಧನಾ ಪತ್ರದ ತಿರುಳು ಇದೇ. ಒಬ್ಬರ ಗಾಯ ಮುಚ್ಚಲು ಇನ್ನೊಬ್ಬರನ್ನು ಇಲ್ಲವಾಗಿಸಬಾರದು.

ಈ ಮಾತನ್ನು ವಿಜ್ಞಾನಕ್ಕೆ ಅಡ್ಡಗಾಲು ಎಂದು ನಮ್ಮ ಕಾಲೇಜಿನಲ್ಲಿ ಕೆಲವರು ಹೇಳುತ್ತಿದ್ದರು. ಆದರೆ 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಇಲಿಯ ಸಾಧಾರಣ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ, ಯಾವ ಅಂಗಾಂಶ ಬೇಕಾದರೂ ಆಗಬಲ್ಲ ಸ್ಥಿತಿಗೆ ತಂದರು. ಮುಂದಿನ ವರ್ಷ ಮನುಷ್ಯನ ಕೋಶದಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಒಂದು ಬಾಗಿಲು ಮುಚ್ಚಿದೆ ಎಂದು ಹೇಳಿದರೆ ಇನ್ನೊಂದು ಬಾಗಿಲು ಹುಡುಕುವ ಬುದ್ಧಿಯನ್ನೂ ದೇವರು ಕೊಟ್ಟಿದ್ದಾರೆ.

ಪ್ರಾಣಿಗಳ ವಿಷಯವೇನು? ಪ್ರಾಣಿಗಳ ಅಂಗಾಂಶವನ್ನು ಮನುಷ್ಯರ ಚಿಕಿತ್ಸೆಗೆ ಬಳಸುವುದನ್ನು ಧರ್ಮಸಭೆ ಬೇಡ ಎಂದಿಲ್ಲ. ಅನಗತ್ಯ ನೋವು ಕೊಡಬಾರದು, ಅವಶ್ಯಕತೆ ನಿಜವಾಗಿರಬೇಕು ಎಂದಿದೆ. ಆದರೂ ನನ್ನ ಮನಸ್ಸನ್ನು ಚುಚ್ಚಿದ ಒಂದು ಸಂಗತಿ ಹೇಳಬೇಕು. ಆ ಬಾಟಲಿಗಳ ನಸುಗೆಂಪು ನೀರಿಗೆ ಸಾಮಾನ್ಯವಾಗಿ ಒಂದು ಸೀರಮ್ ಬೆರೆಸುತ್ತಾರೆ. ಕಸಾಯಿಖಾನೆಯಲ್ಲಿ ಗಬ್ಬದ ಹಸು ಸಿಕ್ಕಾಗ ಅದರ ಹೊಟ್ಟೆಯ ಕರುವಿನ ರಕ್ತದಿಂದ ತೆಗೆದದ್ದು ಅದು. ಹಸು ಕರು ಹಾಕುವ ರಾತ್ರಿ ಲಾಟೀನು ಹಿಡಿದು ಕೊಟ್ಟಿಗೆಯಲ್ಲಿ ಕಾದವರು ನಾವು. ನನಗೆ ಅಂದು ಊಟ ಸೇರಲಿಲ್ಲ. ಇದನ್ನು ಪಾಪ ಎಂದು ನಾನು ಹೇಳುತ್ತಿಲ್ಲ. ಸೀರಮ್ ಇಲ್ಲದೆಯೇ ಕೋಶ ಬೆಳೆಸುವ ಆಹಾರವನ್ನೂ ವಿಜ್ಞಾನಿಗಳು ತಯಾರಿಸುತ್ತಿದ್ದಾರೆ. ಚುಚ್ಚಿದ ಮನಸ್ಸೇ ಅಂಥ ದಾರಿ ಹುಡುಕಿಸುತ್ತದೆ ಎಂದು ನಂಬುತ್ತೇನೆ.

ಇನ್ನು ಕೇಳಿ ತೆಗೆಯುವುದು. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆ ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯಲು ಬಂದರು. ಅವರನ್ನು ಕೇಳದೆ ಅವರ ಗೆಡ್ಡೆಯ ಕೋಶ ತೆಗೆದು ಬೆಳೆಸಿದರು. ಅವರು ಅದೇ ವರ್ಷ ತೀರಿಕೊಂಡರು. ಆ ಕೋಶಗಳು ಮಾತ್ರ ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಪೋಲಿಯೊ ಲಸಿಕೆಯ ಪರೀಕ್ಷೆಗೂ ನೆರವಾದವು. ಕಂಪನಿಗಳು ಅವನ್ನು ಮಾರಿ ಹಣ ಮಾಡಿದವು. ಮನೆಯವರಿಗೆ ಎಷ್ಟೋ ವರ್ಷ ವಿಷಯವೇ ಗೊತ್ತಿರಲಿಲ್ಲ. 2023ರಲ್ಲಿ ಒಂದು ಕಂಪನಿ ಆ ಕುಟುಂಬದ ಜೊತೆ ರಾಜಿ ಮಾಡಿಕೊಂಡಿತು. ಅವರನ್ನು ಕೇಳಿದ್ದರೆ ಆ ತಾಯಿ ಬಹುಶಃ ಕೊಡುತ್ತಿದ್ದರೇನೋ. ಕೇಳದೆ ತೆಗೆದುಕೊಂಡದ್ದರಿಂದ, ಕೊಡುವ ಪುಣ್ಯವನ್ನೂ ಅವರಿಂದ ಕಿತ್ತುಕೊಂಡ ಹಾಗಾಯಿತು.

ಅವಸರದ ಪಾಪ

ಇನ್ನೊಂದು ಕಥೆ ಇದಕ್ಕಿಂತ ಹತ್ತಿರದ ಕಾಲದ್ದು. 2011ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವೊಲೊ ಮಕಿಯಾರಿನಿ ಎಂಬ ಶಸ್ತ್ರಚಿಕಿತ್ಸಕ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯ ಮೂಲಕೋಶಗಳನ್ನು ಹಚ್ಚಿ ಕಸಿ ಮಾಡಿದರು. ಜಗತ್ತೆಲ್ಲ ಹೊಗಳಿತು. ಪ್ರಾಣಿಗಳ ಮೇಲೆ ಸರಿಯಾಗಿ ಪರೀಕ್ಷೆಯೇ ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅಲ್ಲಿ ಅಂಥ ನಾಳ ಹಾಕಿಸಿಕೊಂಡ ಮೂವರೂ ಕೊನೆಗೆ ತೀರಿಕೊಂಡರು. ಮೊದಲಿಗರು ಎರಿಟ್ರಿಯಾ ಎಂಬ ಬಡ ದೇಶದಿಂದ ಓದಲು ಬಂದಿದ್ದ ಯುವಕ. ಎಚ್ಚರಿಸಿದ ಸಹೋದ್ಯೋಗಿ ವೈದ್ಯರ ಮಾತನ್ನು ಮೊದಲು ಯಾರೂ ಕೇಳಲಿಲ್ಲ. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಶಸ್ತ್ರಚಿಕಿತ್ಸಕರಿಗೆ ಎರಡೂವರೆ ವರ್ಷ ಜೈಲು ವಿಧಿಸಿತು.

ಇದರಲ್ಲಿ ನಮಗೂ ಪಾಠ ಇದೆ. ಸ್ಟೆಮ್ ಸೆಲ್ಲಿನಿಂದ ಮಂಡಿ ನೋವು, ಸಕ್ಕರೆ ಕಾಯಿಲೆ, ಮಕ್ಕಳ ಬುದ್ಧಿಮಾಂದ್ಯ ಎಲ್ಲ ವಾಸಿ ಎನ್ನುವ ಜಾಹೀರಾತುಗಳು ಫೋನಿಗೆ ಬರುತ್ತಿರುತ್ತವೆ. ನಮ್ಮ ದೇಶದ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದ ಮೂಲಕೋಶ ಚಿಕಿತ್ಸೆಗಳು ಆಗ ಇನ್ನೂ ಪರೀಕ್ಷೆಯ ಹಂತದಲ್ಲಿದ್ದವು. ಪರೀಕ್ಷೆಯಲ್ಲಿ ಸೇರುವ ರೋಗಿಯಿಂದ ಅದಕ್ಕೆ ಹಣ ತೆಗೆದುಕೊಳ್ಳುವಂತಿಲ್ಲ. ಹೊಲ ಅಡವಿಟ್ಟು ಲಕ್ಷ ಕಟ್ಟಿ ಎಂದು ಯಾರಾದರೂ ಹೇಳಿದರೆ ಮೊದಲು ನಿಮಗೆ ಗೊತ್ತಿರುವ ಡಾಕ್ಟರನ್ನು ಕೇಳಿ. ನೊಂದವರ ಆಸೆಯನ್ನೇ ಗಾಳವಾಗಿ ಬಳಸುವುದು ಯಾವ ವಿಜ್ಞಾನವೂ ಅಲ್ಲ.

ನಮ್ಮಂಥವರಿಗೆ ಸಿಗುತ್ತದೆಯೇ?

ಈಗ ದೊಡ್ಡಮ್ಮನ ಪ್ರಶ್ನೆ. ಇದೇ ಕಷ್ಟದ್ದು. ಬೆಳೆಸಿದ ಚರ್ಮದ ಚಿಕಿತ್ಸೆ ತುಂಬ ದುಬಾರಿ. ನಮ್ಮೂರಿಂದ ಅಂಚೆಟ್ಟಿ, ಡೆಂಕಣಿಕೋಟೆ, ಹೊಸೂರು ದಾಟಿ ಆಸ್ಪತ್ರೆ ಮುಟ್ಟುವುದೇ ಒಂದು ಸಾಹಸ. ಕೂಟದಲ್ಲಿ ಇನ್ನೊಬ್ಬ ಹುಡುಗಿ ಹೇಳಿದಳು: “ಲ್ಯಾಬಿಗೆ ಹಾಕೋ ದುಡ್ಡಲ್ಲಿ ಎಲ್ಲ ಮನೆಗೂ ಗ್ಯಾಸ್ ಒಲೆ ಕೊಟ್ಟಿದ್ರೆ ದೊಡ್ಡಮ್ಮನಿಗೆ ಸುಡ್ತಾನೇ ಇರ್ಲಿಲ್ಲ.” ಈ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ಸುಡದಂತೆ ನೋಡಿಕೊಳ್ಳುವುದು ಸುಟ್ಟ ಮೇಲೆ ಚರ್ಮ ಬೆಳೆಸುವುದಕ್ಕಿಂತ ಮೊದಲಿನ ಕರ್ತವ್ಯ. ಆದರೆ ಈಗಾಗಲೇ ಸುಟ್ಟವರಿಗೆ ಏನು ಹೇಳುವುದು? ಒಳ್ಳೆಯ ಸಮಾರಿಯದವನು ಆ ದಾರಿಯಲ್ಲಿ ಕಳ್ಳರ ಕಾಟ ನಿಲ್ಲಲಿ, ಆಮೇಲೆ ನೋಡೋಣ ಎನ್ನಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ಛತ್ರದವನಿಗೆ ಹಣವನ್ನೂ ಕೊಟ್ಟ. ಚಿಕಿತ್ಸೆಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಆ ಸಾಮತಿಯಲ್ಲೇ ಇದೆ.

ಆಗುವುದಿಲ್ಲ ಎಂದು ಕೈಚೆಲ್ಲಬೇಕಾಗಿಲ್ಲ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಹೃದಯದ ಕವಾಟ ಕೆಟ್ಟ ಬಡವರಿಗೆ ಹಿಂದೆ ಪರದೇಶದ ಕವಾಟ ಕೊಳ್ಳಲು ಶಕ್ತಿ ಇರಲಿಲ್ಲ. ಶ್ರೀ ಚಿತ್ರಾ ಸಂಸ್ಥೆಯ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ತಂಡ ಇಲ್ಲಿಯೇ ಕಡಿಮೆ ಬೆಲೆಯ ಕವಾಟ ಮಾಡಲು ಹೊರಟರು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಅವಸರಪಟ್ಟು ಮನುಷ್ಯರಿಗೆ ಹಾಕಲಿಲ್ಲ. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಹಾಕಿದರು. ಇಂದು ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಆ ಕವಾಟ ಮಿಡಿದಿದೆ. ವಲಿಯತ್ತಾನರು ಮುಂದೆ ನಮ್ಮ ಕರ್ನಾಟಕದ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ, 2024ರಲ್ಲಿ ಮಣಿಪಾಲದಲ್ಲಿಯೇ ತೀರಿಕೊಂಡರು. ಅವರು “ಹೇಗೆ ಮಾಡುವುದು” ಎಂಬುದರ ಜೊತೆ “ಯಾರಿಗೆ ತಲುಪಬೇಕು” ಎಂಬುದನ್ನೂ ಮೊದಲ ದಿನವೇ ಕೇಳಿಕೊಂಡರು. ವಿಜ್ಞಾನ ಓದುವ ನಮ್ಮ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ದೊಡ್ಡಮ್ಮನ ಪ್ರಶ್ನೆಯನ್ನು ಪರೀಕ್ಷೆ ಮುಗಿದ ಮೇಲೆ ಕೇಳುವುದಲ್ಲ, ಪರೀಕ್ಷೆ ಶುರು ಮಾಡುವಾಗಲೇ ಕೇಳಿ.

ಕೊಟ್ಟ ಚರ್ಮ

ಬೆಳೆಸಿದ ಚರ್ಮ ನಮಗೆ ತಲುಪುವವರೆಗೆ ಇನ್ನೊಂದು ಚರ್ಮ ಇದೆ. ಅದಕ್ಕೆ ಬೆಲೆ ಕಟ್ಟುವಂತಿಲ್ಲ. ಅದು ಸತ್ತವರು ಕೊಟ್ಟು ಹೋಗುವ ಚರ್ಮ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಮರಣದ ನಂತರ ಸುಮಾರು ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ತೀರ ತೆಳುವಾದ ಪದರ ತೆಗೆಯುತ್ತಾರೆ. ರಕ್ತ ಸುರಿಯುವುದಿಲ್ಲ, ದೇಹ ವಿಕಾರವಾಗುವುದಿಲ್ಲ, ಬಟ್ಟೆ ಕಟ್ಟಿ ಕೊಡುತ್ತಾರೆ. ಅದನ್ನು ಗ್ಲಿಸರಿನ್ನಿನಲ್ಲಿ ಹಾಕಿ 4 ಡಿಗ್ರಿ ತಂಪಿನಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ರಕ್ತದ ಗುಂಪು ಹೊಂದಬೇಕಾಗಿಲ್ಲ. ಈ ಚರ್ಮ ಶಾಶ್ವತವಾಗಿ ಅಂಟಿಕೊಳ್ಳುವುದಿಲ್ಲ, ಕೆಲವು ವಾರದಲ್ಲಿ ಕಳಚಿಕೊಳ್ಳುತ್ತದೆ. ಆದರೆ ಆ ಕೆಲವು ವಾರಗಳಲ್ಲಿ ಸುಟ್ಟವರ ಮೈಯಿಂದ ನೀರು ಹೋಗದಂತೆ, ಕೀವಾಗದಂತೆ, ನೋವು ಕಡಿಮೆಯಾಗುವಂತೆ ಕಾಯುತ್ತದೆ. ಅಷ್ಟರಲ್ಲಿ ಅವರ ಸ್ವಂತ ಚರ್ಮ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ಇದೂ ಒಂದು ಚಪ್ಪರವೇ.

ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಕಳೆದ ವರ್ಷ ನಮ್ಮ ತಾತ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಇದೆಲ್ಲ ನನಗೆ ಓದಿ ಗೊತ್ತಿತ್ತು. ಆರು ಗಂಟೆಯ ಲೆಕ್ಕವೂ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅತ್ತೆ, ಮಾವಂದಿರು ಏನಂದುಕೊಳ್ಳುತ್ತಾರೋ, ತಾತನ ಮೇಲೆ ಪ್ರೀತಿ ಇಲ್ಲ ಎನ್ನುತ್ತಾರೋ ಎಂಬ ಭಯ. ಅವರ ಬೆನ್ನ ಮೇಲೆ ಕೂತು ನಾನು ಸಂತೆಗೆ ಹೋದವಳು. ಆ ಬೆನ್ನು ಮಣ್ಣಿಗೆ ಹೋಯಿತು. ದೊಡ್ಡಮ್ಮನಂಥ ಯಾರಿಗಾದರೂ ಅದು ಕೆಲವು ವಾರ ಹೊದಿಕೆಯಾಗಬಹುದಿತ್ತು. ಕೂಟದಲ್ಲಿ ಭ್ರೂಣದ ಬಗ್ಗೆ, ದೇವರ ಕೆಲಸದ ಬಗ್ಗೆ ಮಾತಾಡುವುದು ಸುಲಭ. ಮನೆಯವರ ಮುಂದೆ ಒಂದು ಮಾತು ಕೇಳುವುದು ನನಗೆ ಆಗಲಿಲ್ಲ.

ಹಿರಿಯರ ಮನಸ್ಸಿನಲ್ಲಿರುವ ಭಯ ನನಗೆ ಅರ್ಥವಾಗುತ್ತದೆ. ಪುನರುತ್ಥಾನದ ದಿನ ಚರ್ಮ ಇಲ್ಲದೆ ಏಳಬೇಕೇ ಎಂದು ಒಬ್ಬರು ನನ್ನನ್ನು ಕೇಳಿದ್ದಾರೆ. ಧರ್ಮಸಭೆಯ ಉತ್ತರ ಹಳೆಯದು. 1956ರಲ್ಲಿಯೇ ಜಗದ್ಗುರು ಹನ್ನೆರಡನೇ ಪಯಸ್ ಸತ್ತವರ ಕಣ್ಣಿನ ಕಾರ್ನಿಯಾ ದಾನ ಮಾಡುವುದರಲ್ಲಿ ತಪ್ಪಿಲ್ಲ ಎಂದರು. 2000ದಲ್ಲಿ ಸಂತ ಎರಡನೇ ಜಾನ್ ಪಾಲ್ ಅಂಗಾಂಗ ಕಸಿ ವೈದ್ಯರ ಸಮ್ಮೇಳನದಲ್ಲಿ ಮಾತಾಡುತ್ತ ಇಂಥ ದಾನವನ್ನು ಪ್ರೀತಿಯ ಕೃತ್ಯ ಎಂದು ಹೊಗಳಿದರು, ದೇಹದ ಭಾಗಗಳನ್ನು ಮಾರುವುದನ್ನು ಖಂಡಿಸಿದರು. ಪ್ರೇಷಿತರಾದ ಸಂತ ಬಾರ್ತೊಲೊಮಾಯರ ಚರ್ಮವನ್ನು ಸುಲಿದು ಕೊಂದರೆಂದು ಸಂಪ್ರದಾಯ ಹೇಳುತ್ತದೆ. ವ್ಯಾಟಿಕನ್ನಿನ ಸಿಸ್ಟಿನ್ ಪ್ರಾರ್ಥನಾಲಯದಲ್ಲಿ ಮೈಕೆಲಾಂಜೆಲೊ ಬರೆದ ಅಂತಿಮ ತೀರ್ಪಿನ ಚಿತ್ರದಲ್ಲಿ ಅವರು ಸ್ವರ್ಗದಲ್ಲಿ ಕೂತಿದ್ದಾರೆ. ಸುಲಿದ ಚರ್ಮ ಕೈಯಲ್ಲಿದೆ, ಆದರೆ ಅವರ ಮೈ ಪೂರ್ತಿಯಾಗಿದೆ. ಮಣ್ಣಾದವರನ್ನು ಎಬ್ಬಿಸುವ ದೇವರಿಗೆ ಒಂದು ತೆಳು ಪದರ ಕಡಿಮೆಯಾದರೆ ಕಷ್ಟವೇ? ಎದ್ದ ಪ್ರಭುವಿನ ಕೈಯಲ್ಲೂ ಗಾಯದ ಗುರುತು ಇತ್ತು ಎಂಬುದನ್ನು ತೋಮರ ಮೂಲಕ ನಾವು ತಿಳಿದಿದ್ದೇವೆ. ಪ್ರೀತಿಗಾಗಿ ಕಳೆದುಕೊಂಡದ್ದು ಅಲ್ಲಿ ಕೊರತೆ ಆಗುವುದಿಲ್ಲ.

ಕಾಡಂಚಿನ ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ಬೆಂಗಳೂರಿನಿಂದ ತಂಡ ಆರು ಗಂಟೆಯೊಳಗೆ ಬಂದು ಹೋಗುವುದು ಸುಲಭವಲ್ಲ. ಅದು ನಿಜ. ಆದರೆ ನಮ್ಮ ಎಷ್ಟೋ ಮನೆಯವರು ಹೊಸೂರು, ಬೆಂಗಳೂರಿನಲ್ಲಿ ದುಡಿಯುತ್ತಾರೆ. ಅಲ್ಲಿನ ಆಸ್ಪತ್ರೆಗಳಲ್ಲಿಯೇ ಕೊನೆಯುಸಿರು ಎಳೆಯುವವರೂ ಇದ್ದಾರೆ. ಮೊದಲೇ ಹೆಸರು ಬರೆಸಿದ್ದರೂ ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ಮನೆಯವರೇ. ಆದ್ದರಿಂದ ಫಾರಂ ತುಂಬುವುದಕ್ಕಿಂತ ಮುಖ್ಯ, ಊಟಕ್ಕೆ ಕೂತಾಗ ಮನೆಯವರಿಗೆ ಒಂದು ಮಾತು ಹೇಳಿಡುವುದು.

ಇನ್ನೊಂದು, ಖರ್ಚಿಲ್ಲದ ಕೆಲಸ. ಯಾರಿಗಾದರೂ ಸುಟ್ಟರೆ ತಕ್ಷಣ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಟೂತ್‌ಪೇಸ್ಟ್, ಇಂಕು, ಎಣ್ಣೆ, ಮಣ್ಣು, ಐಸ್ ಯಾವುದೂ ಬೇಡ. ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೊರಡಿ. ಒಲೆ ಮುಂದೆ ಕೂರುವಾಗ ಸೆರಗು ಸಿಕ್ಕಿಸಿಕೊಳ್ಳಿ.

ಇದನ್ನು ಬರೆದು ಮುಗಿಸಿ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರ ಬಗ್ಗೆ ಬರೆಯಲು ಅವರ ಅಪ್ಪಣೆ ಬೇಕಿತ್ತು. ಕೇಳದೆ ತೆಗೆದುಕೊಳ್ಳುವುದು ತಪ್ಪೆಂದು ನಾನೇ ಬರೆದಿದ್ದೇನಲ್ಲ. ಪೂರ್ತಿ ಕೇಳಿದರು. ತಮ್ಮ ಪ್ರಶ್ನೆಗೆ ನಾನು ಪೂರ್ತಿ ಉತ್ತರ ಕೊಟ್ಟಿಲ್ಲ ಎಂದು ಅವರಿಗೂ ಗೊತ್ತಾಯಿತು, ಆದರೆ ಅದನ್ನು ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ನನ್ನ ತೊಡೇದು ಒಂದ್ಸಲ ತೆಗೆದಾಗೈತೆ ಮಗಾ. ಬೆನ್ನಿಂದು ಚೆನ್ನಾಗೈತೆ. ಬರ್ಕೊ” ಎಂದರು.

ಬರೆದುಕೊಂಡೆ. ಎರಡನೆಯ ಹೆಸರು ನನ್ನದು. ನಮ್ಮ ಅಮ್ಮನಿಗೂ ಹೇಳಿದ್ದೇನೆ. ಅವರು ಇನ್ನೂ ಏನೂ ಹೇಳಿಲ್ಲ.

ಕ್ರಿಸ್ತರಾಜರ ಹಬ್ಬದ ಭಾನುವಾರ ಪೂಜೆಯ ನಂತರ ಯುವಜನರ ಕೂಟ ಇದೆ. ತಮಿಳು, ಕನ್ನಡ, ತೆಲುಗು ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡೋಣ. ಒಪ್ಪದವರೂ ಬನ್ನಿ, ಹಿರಿಯರನ್ನೂ ಕರೆತನ್ನಿ.

– ಯುವಜನ ಸಂಯೋಜಕಿ, ನಾಟ್ರಾಂಪಾಳ್ಯ ಧರ್ಮಕೇಂದ್ರ